ಸರ್ವಿಸ್ ಬುಲೆಟಿನ್ ತೋರಿಸಿದರೂ ಡೀಲರ್ ಒಪ್ಪುವುದಿಲ್ಲ: ಬಿಎಸ್6 ಪಿಕಪ್, ಡಿಪಿಎಫ್ ಲೈಟ್, ಆಯಿಲ್ ಏರಿಕೆ (ಕೆಎಲ್-14, ಕಾಸರಗೋಡು)

ತೋಟದ_ಪಿಕಪ್, ಬದಿಯಡ್ಕ

2023ರ ಡೀಸೆಲ್ ಪಿಕಪ್, 41,000 ಕಿ.ಮೀ. ಓಡಿದೆ. ವಾರಂಟಿ ಮುಗಿಯಲು ಇನ್ನು ಸ್ವಲ್ಪ ಸಮಯ ಉಂಟು. ಓಟ ಹೆಚ್ಚಿನದ್ದೂ ಹತ್ತಿರದ್ದೇ. ಪೆರ್ಲ, ಮುಳ್ಳೇರಿಯ, ಬದಿಯಡ್ಕ ಪೇಟೆ, ಅಷ್ಟೇ. ಅಡಿಕೆ, ತೆಂಗಿನಕಾಯಿ, ಕೆಲವೊಮ್ಮೆ ಕೆಂಪುಕಲ್ಲು. ಪುತ್ತೂರು, ಮಂಗಳೂರಿಗೆ ಹೋಗುವುದು ಅಪರೂಪ.

ತೊಂದರೆ ಎರಡು. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಲೈಟ್ ಪದೇ ಪದೇ ಹೊತ್ತಿಕೊಳ್ಳುತ್ತದೆ. ಎಂಜಿನ್ ಆಯಿಲ್ ಕಮ್ಮಿ ಆಗುವ ಬದಲು ಡಿಪ್‌ಸ್ಟಿಕ್‌ನಲ್ಲಿ ಮೇಲೆ ಏರುತ್ತಿದೆ, ಮೂಸಿದರೆ ಡೀಸೆಲ್ ವಾಸನೆ. ಡೀಲರ್ ಕಡೆಯವರು ಸ್ಕ್ಯಾನರ್ ಹಾಕಿ, ನಿಲ್ಲಿಸಿದಲ್ಲೇ ರೀಜೆನ್ (ಫಿಲ್ಟರಿನ ಮಸಿ ಸುಡುವುದು) ಮಾಡಿಸಿ ಕಳಿಸುತ್ತಾರೆ. ಕೇಳಿದರೆ "ನೀವು ಓಡಿಸುವ ಕ್ರಮ ಸರಿ ಇಲ್ಲ" ಎಂಬ ಉತ್ತರ.

ವಾಟ್ಸಾಪ್ ಗ್ರೂಪಿನಲ್ಲಿ ಇದೇ ಮಾಡೆಲಿನ ಸರ್ವಿಸ್ ಬುಲೆಟಿನ್ ಪಿಡಿಎಫ್ ಸಿಕ್ಕಿತು. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ, ಡಿಪಿಎಫ್ ಪ್ರೆಶರ್ ಸೆನ್ಸರಿನ ಹೋಸ್ ಬದಲಿಸಿ ಎಂದು ಅದರಲ್ಲಿದೆ. ತೋರಿಸಿದ್ದಕ್ಕೆ "ಇದು ನಮಗೆ ಬಂದಿಲ್ಲ" ಎಂದರು. ಇವರಿಂದ ಈ ಕೆಲಸ ಮಾಡಿಸಿಕೊಳ್ಳುವುದು ಹೇಗೆ? ಹಿಂದಿನ ಸ್ಪ್ರಿಂಗಿಗೆ ಒಂದೊಂದು ಪ್ಲೇಟ್ ಹೆಚ್ಚುವರಿ ಹಾಕಿಸಿದ್ದೇನೆ. ಅದನ್ನೇ ಹಿಡಿದು ವಾರಂಟಿ ಇಲ್ಲ ಎಂದುಬಿಟ್ಟರೆ ಎಂಬ ತಲೆಬಿಸಿಯೂ ಉಂಟು.

ಗ್ಯಾರೇಜ್_ಕುಂಬಳೆ

ಮೊದಲು ಆ ಪಿಡಿಎಫ್ ಜೇಬಿನಲ್ಲೇ ಇರಲಿ ಮಾರಾಯ್ರೆ. ಕೌಂಟರಿನಲ್ಲಿ ಅದನ್ನು ಮುಂದಿಟ್ಟ ಕೂಡಲೇ ಮಾತು ಗಾಡಿಯ ತೊಂದರೆ ಬಿಟ್ಟು "ಇದು ನಿಮಗೆ ಎಲ್ಲಿ ಸಿಕ್ಕಿತು" ಎಂಬಲ್ಲಿಗೆ ಹೋಗುತ್ತದೆ.

ರೀಕಾಲ್ ಅಥವಾ ಕ್ಯಾಂಪೇನ್ (ಕಂಪನಿಯೇ ಗಾಡಿಗಳನ್ನು ಕರೆಸಿ ಸರಿಪಡಿಸುವುದು) ಆದರೆ ಚಾಸಿಸ್ ನಂಬರ್ ಹೊಡೆದ ಕೂಡಲೇ ಡೀಲರ್ ಸಿಸ್ಟಮ್‌ನಲ್ಲಿ ಪೆಂಡಿಂಗ್ ಎಂದು ತಾನಾಗಿ ತೋರುತ್ತದೆ, ಗಾಡಿ ಯಾವ ಕೆಲಸಕ್ಕೆ ಬಂದಿದ್ದರೂ ಮಾಡಿಯೇ ಕಳಿಸಬೇಕು. ಬುಲೆಟಿನ್ ಹಾಗಲ್ಲ. ಅದು ಕಂಪನಿ ಟೆಕ್ನೀಶಿಯನ್‌ಗೆ ಬರೆದ ಟಿಪ್ಪಣಿ: ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ತಯಾರಾದ ಗಾಡಿಯಲ್ಲಿ ಇಂಥ ದೂರು ಬಂದರೆ, ಹೀಗೆ ಪರೀಕ್ಷಿಸಿ, ದೃಢಪಟ್ಟರೆ ಈ ಪಾರ್ಟ್ ಹಾಕಿ, ಇಷ್ಟು ಲೇಬರ್ ಕ್ಲೇಮ್ ಮಾಡಿ. ಯಾರಾದರೂ ಲಾಗಿನ್ ಆಗಿ ಲಕ್ಷಣವನ್ನೋ ಇಸಿಯು ತೋರಿಸುವ ದೋಷದ ಕೋಡನ್ನೋ ಹಾಕಿ ಹುಡುಕಿದರೆ ಮಾತ್ರ ಸಿಗುವುದು. ಕೌಂಟರಿನ ಅಡ್ವೈಸರಿಗೆ ಹೆಚ್ಚಾಗಿ ಆ ಲಾಗಿನ್ನೇ ಇರುವುದಿಲ್ಲ. ಹಾಗಾಗಿ "ಬಂದಿಲ್ಲ" ಎಂದದ್ದು ಸುಳ್ಳೇ ಆಗಬೇಕೆಂದಿಲ್ಲ.

ಇನ್ನೊಂದು, ಡೀಲರ್ ಹಿಂಜರಿಯುವುದಕ್ಕೆ ಹಣದ ಕಾರಣವೂ ಇದೆ. ವಾರಂಟಿ ಕೆಲಸದ ಹಣ ಕಂಪನಿಯಿಂದ ಬರಬೇಕು. ದೂರು, ಕೋಡ್, ಪರೀಕ್ಷೆಯ ಅಂಕಿ, ಫೋಟೋ, ತೆಗೆದ ಹಳೆ ಪಾರ್ಟ್, ಇದರಲ್ಲಿ ಒಂದು ಕಮ್ಮಿ ಆದರೂ ಕ್ಲೇಮ್ ವಾಪಸ್. ಆಗ ಪಾರ್ಟೂ ಲೇಬರೂ ಡೀಲರ್ ತಲೆಗೆ. ನೀವು "ಬುಲೆಟಿನ್ ಪ್ರಕಾರ ಮಾಡಿ" ಎಂದರೆ ಅವರ ಕೈಗೆ ಏನೂ ಸಿಕ್ಕಿದಂತಾಗುವುದಿಲ್ಲ. ಬುಲೆಟಿನ್ ಹೇಳುವ ಲಕ್ಷಣವನ್ನೇ, ಅಂಕಿ ಸಮೇತ, ಜಾಬ್ ಕಾರ್ಡಿನಲ್ಲಿ (ವರ್ಕ್‌ಶಾಪಿನವರು ಗಾಡಿ ತೆಗೆದುಕೊಳ್ಳುವಾಗ ಬರೆಯುವ ಚೀಟಿ) ಕೂರಿಸಿದರೆ ಕ್ಲೇಮಿನ ಅರ್ಧ ಕೆಲಸ ನೀವೇ ಮಾಡಿಕೊಟ್ಟ ಹಾಗೆ.

ಪಿಡಿಎಫ್ ನಿಮ್ಮ ಗಾಡಿಗೆ ಹೊಂದುತ್ತದೆಯೇ ಎಂದು ಮನೆಯಲ್ಲೇ ನೋಡಿ. ಯಾವ ದೇಶದ್ದು? ಅಮೆರಿಕದಲ್ಲಿ ಕಂಪನಿಗಳು ಡೀಲರಿಗೆ ಕಳಿಸುವ ಇಂಥ ಬುಲೆಟಿನ್‌ಗಳನ್ನು ಅಲ್ಲಿನ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎಗೂ ಕೊಡಬೇಕು, ಅದು ವೆಬ್‌ಸೈಟಿಗೆ ಹಾಕುತ್ತದೆ. ನಮ್ಮಲ್ಲಿ ಅಂಥ ಸಾರ್ವಜನಿಕ ಕಡತ ಇಲ್ಲ. ಗ್ರೂಪುಗಳಲ್ಲಿ ಓಡಾಡುವುದರಲ್ಲಿ ಹೊರದೇಶದ ಪಿಕಪ್ಪಿನದ್ದೇ ಬಹಳ. ಹೆಸರು ಒಂದೇ ಇದ್ದರೂ ಎಂಜಿನ್, ಇಸಿಯು ಬೇರೆ. ಆಮೇಲೆ ಎಮಿಷನ್ (ಹೊಗೆ ನಿಯಮದ) ಹಂತ: 2020 ಏಪ್ರಿಲ್‌ನ ಬಿಎಸ್6 ಒಂದು, 2023 ಏಪ್ರಿಲ್‌ನ ಎರಡನೇ ಹಂತ ಇನ್ನೊಂದು. ನಿಮ್ಮದು 2023ರ ಗಾಡಿ, ಯಾವ ಕಡೆಗೆ ಬೀಳುತ್ತದೆ ಎಂಬುದು ಆರ್‌ಸಿಯಲ್ಲಿರುವ ತಯಾರಿಕೆಯ ತಿಂಗಳು ನೋಡಿದರೆ ತಿಳಿಯುತ್ತದೆ. ಕೊನೆಗೆ ಬುಲೆಟಿನ್‌ನ ತಾರೀಕು, ರಿವಿಷನ್ ನಂಬರ್. ಹೊಸ ರಿವಿಷನ್ ಬಂದಿದ್ದರೆ ಹಳೆಯದರ ಪಾರ್ಟ್ ನಂಬರ್ ಸಿಸ್ಟಮ್‌ನಲ್ಲಿ ಸಿಗುವುದೇ ಇಲ್ಲ.

ಈಗ ಸಾಕ್ಷಿ. ಆಯಿಲ್ ಬದಲಿಸಿದ ದಿನವೇ ಮಟ್ಟ ನೋಡಿ ಡಿಪ್‌ಸ್ಟಿಕ್ ಫೋಟೋ, ಪಕ್ಕದಲ್ಲಿ ಓಡೋಮೀಟರ್ ಫೋಟೋ. ನಂತರ 1,000 ಕಿ.ಮೀ.ಗೊಮ್ಮೆ ಹಾಗೆಯೇ. ಎಂಜಿನ್ ಬಿಸಿ ಇದ್ದು, ಆಫ್ ಮಾಡಿ ಹತ್ತು ನಿಮಿಷ ಆಗಿರಬೇಕು, ಗಾಡಿ ಸಮತಟ್ಟಿನಲ್ಲಿ ನಿಂತಿರಬೇಕು. ನಮ್ಮ ಕಡೆಯ ಅಂಗಳ, ಗುಡ್ಡೆ ನಂಬಬೇಡಿ, ಪೆಟ್ರೋಲ್ ಪಂಪಿನ ಕಾಂಕ್ರೀಟ್ ಮೇಲೆ ನೋಡುವುದು ಒಳ್ಳೆಯದು. ಮ್ಯಾಕ್ಸ್ ಗೆರೆಯಿಂದ ಎಷ್ಟು ಮಿಲಿಮೀಟರ್ ಮೇಲೆ ಎಂದು ಸ್ಕೇಲ್ ಹಿಡಿದು ಬರೆದಿಡಿ.

ಬ್ಲೂಟೂತ್ ಓಬಿಡಿ ಡಾಂಗಲ್ (ಗಾಡಿಯ ಸಾಕೆಟಿಗೆ ಸಿಕ್ಕಿಸಿ ಇಸಿಯು ಮಾಹಿತಿ ಓದುವ ಸಾಧನ) ಒಂದು ತೆಗೆದುಕೊಳ್ಳಿ, ಸಾವಿರ ರೂಪಾಯಿಯೊಳಗೆ ಬರುತ್ತದೆ. ಮೊಬೈಲ್ ಆ್ಯಪಿನಲ್ಲಿ ಎರಡು ನೋಡಿ. ಒಂದು, ಕೋಡ್. ಪಿ2463 ಬಂದರೆ ಮಸಿ ಹೆಚ್ಚು ತುಂಬಿದೆ ಎಂದು. ಪಿ2452ರಿಂದ ಪಿ2455ರವರೆಗಿನದು ಬಂದರೆ ಪ್ರೆಶರ್ ಸೆನ್ಸರಿನ ಸರ್ಕ್ಯೂಟಿನದ್ದು, ಆಗ ಓಡಿಸುವ ಕ್ರಮದ ಮಾತೇ ಬರುವುದಿಲ್ಲ. ಇನ್ನೊಂದು ಕ್ಯಾಲಿಬ್ರೇಶನ್ ಐಡಿ, ಅಂದರೆ ಈಗ ಇಸಿಯುನಲ್ಲಿ ಕೂತಿರುವ ಸಾಫ್ಟ್‌ವೇರಿನ ಗುರುತು. ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. "ಅಪ್‌ಡೇಟ್ ಮಾಡಿದ್ದೇವೆ" ಎಂದು ಕೀ ಕೊಟ್ಟ ಮೇಲೆ ಇನ್ನೊಮ್ಮೆ ನೋಡಿ. ಅಕ್ಷರ-ಅಂಕಿ ಬದಲಾಗದಿದ್ದರೆ ಅಪ್‌ಡೇಟ್ ಆಗಿಲ್ಲ.

ಏನೇ ಆದರೂ ಕೋಡ್ ಅಳಿಸಬೇಡಿ, ಬ್ಯಾಟರಿ ಟರ್ಮಿನಲ್ ತೆಗೆಸಬೇಡಿ. ಕೋಡ್ ಬಿದ್ದ ಗಳಿಗೆಯ ವೇಗ, ಬಿಸಿ, ಲೋಡು ಎಲ್ಲ ಫ್ರೀಜ್ ಫ್ರೇಮಿನಲ್ಲಿ ಇರುತ್ತದೆ. ಅಳಿಸಿದರೆ ಅದೂ ಹೋಯಿತು. ಡೀಲರ್ ಹತ್ತಿರ ಹೋಗುವ ಮೊದಲು ಡಾಂಗಲ್ ಕಿತ್ತಿಡಿ, ಅದನ್ನೇ ದೂರುವವರು ಇದ್ದಾರೆ.

ಉಪ್ಪಳ_ಡೀಸೆಲ್

ಮೇಲಿನವರು ಹೇಳಿದ್ದಕ್ಕೆ ನನ್ನ ತಕರಾರಿಲ್ಲ, ಆದರೆ ಡೀಲರ್ ಹೇಳಿದ್ದರಲ್ಲೂ ಅರ್ಧ ಸತ್ಯ ಉಂಟು. ಅದನ್ನು ಒಪ್ಪಿಕೊಂಡು ಮೊದಲು ಆ ನೆಪ ಕಿತ್ತುಹಾಕಬೇಕು.

ಡಿಪಿಎಫ್‌ನಲ್ಲಿ ಸೇರಿದ ಮಸಿ ಸುಡಲು ಸುಮಾರು 600 ಡಿಗ್ರಿ ಬೇಕು. ಅಷ್ಟು ಬಿಸಿ ಬರಿಸಲು ಇಸಿಯು ಪವರ್ ಸ್ಟ್ರೋಕ್ ಮುಗಿಯುತ್ತಾ ಬರುವಾಗ ಸ್ವಲ್ಪ ಡೀಸೆಲ್ ತಡವಾಗಿ ಚಿಮ್ಮಿಸುತ್ತದೆ. ಅದು ಸೈಲೆನ್ಸರ್ ಕಡೆ ಹೋಗಿ ಉರಿಯಬೇಕು. ಆದರೆ ಒಂದು ಪಾಲು ಸಿಲಿಂಡರ್ ಗೋಡೆಗೆ ಅಂಟಿ, ರಿಂಗ್ ದಾಟಿ ಆಯಿಲ್ ಸಂಪಿಗೆ ಇಳಿಯುತ್ತದೆ. ಪೆಟ್ರೋಲಾದರೆ ಬಿಸಿಗೆ ಆವಿಯಾಗಿ ಹೋಗುತ್ತಿತ್ತು, ಡೀಸೆಲ್ ಅಷ್ಟು ಸುಲಭದಲ್ಲಿ ಹೋಗುವುದಿಲ್ಲ. ರೀಜೆನ್ ಶುರುವಾದ ಮೇಲೆ ಆರು ಕಿಲೋಮೀಟರಿಗೆ ಗಾಡಿ ಆಫ್ ಮಾಡಿದರೆ ಮಸಿ ಸುಟ್ಟಿರುವುದಿಲ್ಲ, ಡೀಸೆಲ್ ಮಾತ್ರ ಆಯಿಲ್‌ಗೆ ಇಳಿದಾಯಿತು. ಮರುದಿನ ಮತ್ತೆ ಅದೇ. ನಿಮ್ಮ ಎರಡು ತೊಂದರೆ ಅಂತ ಬರೆದದ್ದು ನಿಜವಾಗಿ ಒಂದೇ ತೊಂದರೆ.

ಮಟ್ಟ ಮ್ಯಾಕ್ಸ್ ದಾಟಿದ ಮೇಲೆ ಓಡಿಸಬೇಡಿ. ತೆಳುವಾದ ಆಯಿಲ್‌ನಿಂದ ಟರ್ಬೊ, ಬೇರಿಂಗ್ ಸವೆಯುತ್ತದೆ. ಬಹಳ ಏರಿದರೆ ಬ್ರೀದರ್ (ಎಂಜಿನ್ ಒಳಗಿನ ಗಾಳಿ ಹೊರಹೋಗುವ ಪೈಪ್) ಮೂಲಕ ಎಂಜಿನ್ ಆಯಿಲನ್ನೇ ಎಳೆದು ಉರಿಸಿ, ಕೀ ಆಫ್ ಮಾಡಿದರೂ ನಿಲ್ಲದೆ ರೇಸ್ ಆಗುವ ಅಪಾಯವೂ ಇದೆ.

ಹಾಗಾಗಿ ಡೀಲರ್ ಹತ್ತಿರ ಹೋಗುವ ಮುನ್ನ (ಆಯಿಲ್ ಮಟ್ಟ ಸರಿ ಇದ್ದರೆ ಮಾತ್ರ) ಗಾಡಿಯನ್ನು ಹೆದ್ದಾರಿಗೆ ತನ್ನಿ. ತಲಪಾಡಿಯಿಂದ ಚೆಂಗಳಕ್ಕೆ ಷಟ್ಪಥ 39 ಕಿಲೋಮೀಟರ್ ಉಂಟು, ಇದಕ್ಕೆ ಹೇಳಿ ಮಾಡಿಸಿದ ರಸ್ತೆ. ನಾಲ್ಕನೇ ಗೇರಿನಲ್ಲಿ 2,000 ಆರ್‌ಪಿಎಂ ಇಳಿಯದ ಹಾಗೆ ಇಪ್ಪತ್ತು-ಮೂವತ್ತು ನಿಮಿಷ ಒಂದೇ ಸಮ ಓಡಿಸಿ. ಡ್ಯಾಶ್‌ಬೋರ್ಡ್ ವಿಡಿಯೋ ಮಾಡಲು ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಳ್ಳಿ. ಲೈಟ್ ಆರಿ, ನೂರಾರು ಕಿಲೋಮೀಟರ್ ಬಾರದಿದ್ದರೆ ನಿಮ್ಮ ಓಟದ್ದೇ ಕಾರಣ, ಬುಲೆಟಿನ್‌ನಿಂದ ಹೆಚ್ಚು ಪ್ರಯೋಜನ ಆಗ್ಲಿಕ್ಕಿಲ್ಲ. ಅಷ್ಟು ಓಡಿಸಿಯೂ ಆರದಿದ್ದರೆ, ಅಥವಾ ಎರಡು ದಿನದಲ್ಲಿ ಮತ್ತೆ ಬಂದರೆ, "ನೀವು ಓಡಿಸುವ ಕ್ರಮ" ಎಂಬ ಮಾತು ಅಲ್ಲಿಗೆ ಬಿತ್ತು.

ಆಗ ವರ್ಕ್‌ಶಾಪಿನಲ್ಲಿ ಒಂದೇ ಪರೀಕ್ಷೆ ಕೇಳಿ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ ಸ್ಕ್ಯಾನರಿನಲ್ಲಿ ಡಿಪಿಎಫ್ ಡಿಫರೆನ್ಷಿಯಲ್ ಪ್ರೆಶರ್ (ಫಿಲ್ಟರಿನ ಹಿಂದು-ಮುಂದಿನ ಒತ್ತಡದ ವ್ಯತ್ಯಾಸ) ನೋಡಲಿ. ಹೊಗೆಯೇ ಹರಿಯುತ್ತಿಲ್ಲವಲ್ಲ, ಸೊನ್ನೆಯ ಆಸುಪಾಸು ಇರಬೇಕು. ಬೇರೆ ಅಂಕಿ ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ, ಫಿಲ್ಟರಿನಲ್ಲಿ ಮಸಿ ಇಲ್ಲದಿದ್ದರೂ ಇಸಿಯು ಸುಡುತ್ತಾ ಕೂರುತ್ತದೆ. ಎಂಜಿನ್ ಓಡುವಾಗ ಮೈನಸ್ ಬಂದರೆ ಎರಡು ಹೋಸ್ ಅದಲುಬದಲು. ಹೋಸ್ ಎಲ್ಲಿಯಾದರೂ ಜೋತು ಬಿದ್ದು ಬಾಗಿದ್ದರೆ ಆ ಬಾಗಿನಲ್ಲಿ ನೀರು ನಿಲ್ಲುತ್ತದೆ, ಮಳೆಗಾಲದಲ್ಲಿ ವಿಶೇಷವಾಗಿ. ಸೆನ್ಸರಿನಿಂದ ಡಿಪಿಎಫ್ ಕಡೆಗೆ ಇಳಿಜಾರಾಗಿಯೇ ಹೋಗಬೇಕು. ನಿಮ್ಮ ಬುಲೆಟಿನ್‌ನಲ್ಲಿ ಹೋಸ್ ಬದಲಿಸಲು ಹೇಳಿದ್ದು ಇಂಥದ್ದಕ್ಕೇ ಇರಬೇಕು. ಇಲಿ ಕಡಿದದ್ದಾದರೆ ವಾರಂಟಿ ಸಿಗದು, ಅಡಿಕೆ ಕೊಟ್ಟಿಗೆಯಲ್ಲಿ ಗಾಡಿ ನಿಲ್ಲಿಸುವವರು ಮೊದಲು ಬಾನೆಟ್ ಎತ್ತಿ ನೋಡಿಕೊಳ್ಳಿ.

ಅಡಿಕೆ ಕೊಟ್ಟಿಗೆ ಎಂದಾಗ ನೆನಪಾಯಿತು: ಐಡಲ್ ಏರಿ, ಫ್ಯಾನ್ ಜೋರಾಗಿ ತಿರುಗಿ, ಬಿಸಿ ವಾಸನೆ ಬರುತ್ತಿದ್ದರೆ ರೀಜೆನ್ ನಡೆಯುತ್ತಿದೆ. ಆಗ ಒಣ ಸಿಪ್ಪೆ, ಹಾಳೆ, ತರಗೆಲೆ ರಾಶಿಯ ಮೇಲೆ ಗಾಡಿ ನಿಲ್ಲಿಸಬೇಡಿ.

ಗಡಿನಾಡ_ಗ್ರಾಹಕ

ಕಾಗದದ ವಿಷಯ ಹೇಳುತ್ತೇನೆ.

ಜಾಬ್ ಕಾರ್ಡಿನಲ್ಲಿ ಗ್ರಾಹಕರ ದೂರು ಎಂಬ ಜಾಗ ಇದೆ. ಅಡ್ವೈಸರ್ ಅಲ್ಲಿ "ಡಿಪಿಎಫ್ ಲೈಟ್ ಚೆಕ್" ಎಂದು ಮೂರು ಪದ ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. ಅದಕ್ಕೆ ಬಿಡಬೇಡಿ. ಮೊದಲೇ ಟೈಪ್ ಮಾಡಿ ಎರಡು ಪ್ರತಿ ಒಯ್ಯಿರಿ. ಕಾರ್ಡು ಇಂಗ್ಲಿಷಿನಲ್ಲಿರುತ್ತದೆ, ಇದನ್ನೂ ಹಾಗೆಯೇ ಮಾಡಿಸಿದರೆ ಅವರಿಗೆ ನಕಲು ಮಾಡಲು ಸುಲಭ. ಧಾಟಿ ಹೀಗಿರಲಿ, ಅಂಕಿ ನಿಮ್ಮದು ಹಾಕಿಕೊಳ್ಳಿ:

"ಡಿಪಿಎಫ್ ಲೈಟ್ ಸುಮಾರು 150 ಕಿ.ಮೀ.ಗೊಮ್ಮೆ ಬರುತ್ತದೆ. ಹೆದ್ದಾರಿಯಲ್ಲಿ 30 ನಿಮಿಷ ಓಡಿಸಿದರೂ ಆರುವುದಿಲ್ಲ. ಆಯಿಲ್ ಬದಲಿಸಿ 3,000 ಕಿ.ಮೀ.ಗೆ ಮಟ್ಟ ಮ್ಯಾಕ್ಸ್‌ಗಿಂತ 8 ಮಿ.ಮೀ. ಮೇಲೆ. ಕೋಡ್ ಪಿ2463. ಪ್ರೆಶರ್ ಸೆನ್ಸರ್ ಮತ್ತು ಹೋಸ್ ಪರೀಕ್ಷಿಸಿ ಅಂಕಿ ಬರೆಯಿರಿ. ಈ ಚಾಸಿಸ್‌ಗೆ ಅನ್ವಯವಾಗುವ ಬುಲೆಟಿನ್, ಹೊಸ ಸಾಫ್ಟ್‌ವೇರ್ ಇದೆಯೇ ನೋಡಿ, ಇದೆ ಅಥವಾ ಇಲ್ಲ ಎಂದು ಬರೆಯಿರಿ."

ಕೊನೆಯ ಸಾಲು ಮುಖ್ಯ. ಕೌಂಟರಿನಲ್ಲಿ ಬಾಯಿಮಾತಿಗೆ ಇಲ್ಲ ಎನ್ನುವವರು ಕಾಗದದ ಮೇಲೆ ಇಲ್ಲ ಎಂದು ಬರೆಯುವ ಮುನ್ನ ಒಮ್ಮೆ ಹುಡುಕುತ್ತಾರೆ. ಏನೂ ಸಿಗಲಿಲ್ಲ ಎಂದರೂ ಕಾರ್ಡ್ ಮುಚ್ಚಿದ ಪ್ರತಿ, ಸೊನ್ನೆ ರೂಪಾಯಿಯದ್ದಾದರೂ ಸರಿ, ಬಿಲ್ಲು ಕೇಳಿ ಪಡೆಯಿರಿ. ವಾರಂಟಿಯೊಳಗೆ ದೂರು ದಾಖಲಾಗಿತ್ತು ಎಂಬುದಕ್ಕೆ ಅದೇ ಆಧಾರ.

ಮುಂದಿನ ಮೆಟ್ಟಿಲು ಸರ್ವಿಸ್ ಮ್ಯಾನೇಜರ್, ಆಮೇಲೆ ಕಂಪನಿಯ ಏರಿಯಾ ಸರ್ವಿಸ್ ಮ್ಯಾನೇಜರ್. ಏರಿಯಾದವರು ಡೀಲರ್ ಹತ್ತಿರ ಆಗಾಗ ಬರುತ್ತಾರೆ. ಬರುವ ದಿನ ಕೇಳಿ, ಅವತ್ತೇ ಗಾಡಿ ಕೊಡಿ. ಜೊತೆಗೆ ಕಂಪನಿಯ ಟೋಲ್‌ಫ್ರೀಗೆ ಹೇಳಿ ದೂರಿನ ನಂಬರ್ ಪಡೆದು, ಅದನ್ನೇ ವಿಷಯಸಾಲಿನಲ್ಲಿ ಹಾಕಿ ಇಮೇಲ್ ಬರೆಯಿರಿ. ಪ್ರಶ್ನೆ ಒಂದೇ: ಇಂಥ ನಂಬರಿನ ಬುಲೆಟಿನ್ ನನ್ನ ಚಾಸಿಸ್‌ಗೆ ಅನ್ವಯವೇ, ಅಲ್ಲವೇ? ಪಿಡಿಎಫ್ ಹೊರಗೆ ತೆಗೆಯುವ ಜಾಗ ಇದು.

ಡೀಲರ್ ಬದಲಿಸಬಹುದೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಗಾಡಿ ಎಲ್ಲಿ ಕೊಂಡರೂ ವಾರಂಟಿ ಕಂಪನಿಯದ್ದು. ತಲಪಾಡಿ ದಾಟಿ ಮಂಗಳೂರಿನಲ್ಲಿ ತೋರಿಸಬಹುದು, ಕೆಎಲ್ ನಂಬರ್ ಎಂದು ತಿರುಗಿಸಿ ಕಳಿಸುವಂತಿಲ್ಲ. ಹಳೆಯ ಜಾಬ್ ಕಾರ್ಡುಗಳೂ ಚಾಸಿಸ್ ನಂಬರಿನಲ್ಲಿ ಅವರಿಗೆ ಕಾಣುತ್ತವೆ. ದೊಡ್ಡ ವರ್ಕ್‌ಶಾಪಿನಲ್ಲಿ ಡೀಸೆಲ್ ಗೊತ್ತಿರುವ ಟೆಕ್ನೀಶಿಯನ್ ಸಿಗುವ ಸಾಧ್ಯತೆ ಹೆಚ್ಚು.

ರೀಕಾಲ್ ಕಾನೂನಿನ ಮೇಲೆ ಬಹಳ ಭರವಸೆ ಬೇಡ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 110ಎ ಕಲಂ, 2021ರ ಏಪ್ರಿಲ್ 1ರಿಂದ ಜಾರಿಯಾದ ನಿಯಮಗಳು, ಇವು ಪರಿಸರಕ್ಕೆ ಅಥವಾ ರಸ್ತೆಯಲ್ಲಿರುವವರಿಗೆ ಹಾನಿ ತರುವ ದೋಷಕ್ಕೆ. ಏಳು ವರ್ಷದೊಳಗಿನ ಗಾಡಿಯ ಮಾಲೀಕರು ವಾಹನ್ ಪೋರ್ಟಲಿನಲ್ಲಿ ದೂರು ದಾಖಲಿಸಬಹುದು, ಆದರೆ ಒಂದೇ ಮಾಡೆಲಿನ ಮೇಲೆ ನಿಗದಿತ ಸಂಖ್ಯೆಯ ದೂರು ಬಿದ್ದ ಮೇಲಷ್ಟೇ ಸರಕಾರ ಹೆಜ್ಜೆ ಇಡುವುದು. ಗ್ರೂಪಿನವರೆಲ್ಲ ಹಾಕುವುದಾದರೆ ಹಾಕಿ.

ಒಬ್ಬರ ಗಾಡಿಗೆ ಕೆಲಸಕ್ಕೆ ಬರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಮೊದಲು 1915ಕ್ಕೆ ಕರೆ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಎಷ್ಟೋ ದೂರು ಅಲ್ಲಿಂದ ಕಂಪನಿಗೆ ಹೋದಾಗಲೇ ಅಲುಗಾಡುತ್ತದೆ. ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಡೀಲರ್ ಎಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಕಾಸರಗೋಡಿನಲ್ಲೇ ಹಾಕಬಹುದು. ಕೊಟ್ಟ ಬೆಲೆ 5ರಿಂದ 10 ಲಕ್ಷದೊಳಗೆ ಇದ್ದರೆ ಶುಲ್ಕ 200 ರೂಪಾಯಿ, 10ರಿಂದ 20 ಲಕ್ಷಕ್ಕೆ 400. ದೂರು ಹಾಕಲು ಅವಧಿ ಎರಡು ವರ್ಷ. ಎದುರು ಪಾರ್ಟಿಯ ವಕೀಲರು ಮೊದಲು ಎತ್ತುವ ಮಾತು, ಪಿಕಪ್ ವಾಣಿಜ್ಯ ಉದ್ದೇಶದ್ದು, ಇವರು ಗ್ರಾಹಕರೇ ಅಲ್ಲ ಎಂದು. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕೊಂಡದ್ದು ವಾಣಿಜ್ಯ ಉದ್ದೇಶವಲ್ಲ ಎಂದು ಕಾಯ್ದೆಯಲ್ಲೇ ಇದೆ. ಸಹಾಯಕ್ಕೆ ಒಬ್ಬಿಬ್ಬರನ್ನು ಇಟ್ಟುಕೊಂಡರೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 1995ರ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ತೀರ್ಪಿನಲ್ಲಿ ಹೇಳಿದೆ. ದೂರಿನ ಮೊದಲ ಪುಟದಲ್ಲೇ ಇದನ್ನು ಬರೆಯಿರಿ. ಸೋಲುವುದು ಹೆಚ್ಚಾಗಿ ತಜ್ಞರ ವರದಿ ಇಲ್ಲದೆ, ಹಾಗಾಗಿ ಮೇಲಿನವರು ಹೇಳಿದ ಅಂಕಿ, ಫೋಟೋ ಇಲ್ಲದೆ ಆ ದಾರಿಗೆ ಇಳಿಯಬೇಡಿ.

ತೋಟದ_ಪಿಕಪ್, ಬದಿಯಡ್ಕ

ಎಲ್ಲರಿಗೂ ಧನ್ಯವಾದ. ಆರ್‌ಸಿ ನೋಡಿದೆ, ತಯಾರಿಕೆ 2023 ಜೂನ್, ಪಿಡಿಎಫ್‌ನ ತಿಂಗಳುಗಳೊಳಗೆ ಬರುತ್ತದೆ, ಬುಲೆಟಿನ್ ಇಲ್ಲಿಯದ್ದೇ. ಸ್ಪ್ರಿಂಗ್ ಪ್ಲೇಟಿನ ಪ್ರಶ್ನೆ ಹಾಗೇ ಉಳಿಯಿತು. ಒಮ್ಮೆ ಆಯಿಲ್ ಹೊರಗೆ ಬದಲಿಸಿದ್ದೂ ಉಂಟು. ಪ್ಲೇಟ್ ತೆಗೆಸಿ ಹೋಗಬೇಕೇ?

ಗ್ಯಾರೇಜ್_ಕುಂಬಳೆ

ಪ್ಲೇಟಿಗೂ ಡಿಪಿಎಫ್‌ಗೂ ಸಂಬಂಧ ಇಲ್ಲ, ಅದಕ್ಕಾಗಿ ತೆಗೆಸಬೇಡಿ. ಪ್ಲೇಟ್ ಇದೆ ಎಂದು ನಿರಾಕರಿಸಿದರೆ ಯಾವ ಪಾರ್ಟಿಗೆ, ಯಾವ ಕಾರಣಕ್ಕೆ ಎಂದು ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಆದರೆ ಲೋಡ್ ಹಾಕಿ ಚಡವು ಹತ್ತುವಾಗ, 10ರಿಂದ 25 ಕಿ.ಮೀ. ವೇಗದಲ್ಲಿ ಗಾಡಿ ಗಡಗಡ ನಡುಗುವ ದೂರು ಇದ್ದರೆ ಅದು ಬೇರೆ ಕತೆ. ಎರಡು ತುಂಡಿನ ಪ್ರೊಪೆಲ್ಲರ್ ಶಾಫ್ಟಿನಲ್ಲಿ ಹಿಂಭಾಗ ಎತ್ತರವಾದರೆ ಜಾಯಿಂಟಿನ ಕೋನ ತಪ್ಪುತ್ತದೆ, ಸೆಂಟರ್ ಬೇರಿಂಗ್ ಬೇಗ ಹೋಗುತ್ತದೆ. ಅದಕ್ಕೆ ವಾರಂಟಿ ಕೇಳಿದರೆ ಪ್ಲೇಟನ್ನು ತೋರಿಸಿಯೇ ತೋರಿಸುತ್ತಾರೆ, ಮತ್ತು ಅವರು ಹೇಳುವುದು ತಪ್ಪೂ ಅಲ್ಲ.

ಆಯಿಲ್ ವಿಷಯ ಗಂಭೀರ. ಡಿಪಿಎಫ್ ಇರುವ ಎಂಜಿನ್ನಿಗೆ ಬೂದಿ ಕಮ್ಮಿ ಇರುವ ಆಯಿಲ್ಲೇ ಬೇಕು. ಮ್ಯಾನುವಲ್‌ನಲ್ಲಿ ಎಸಿಇಎ ಸಿ3 ಎಂದೋ ಎಪಿಐ ಸಿಕೆ-4 ಎಂದೋ ಗ್ರೇಡ್ ಬರೆದಿರುತ್ತದೆ. ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ, ಫಿಲ್ಟರಿನಲ್ಲೇ ಕೂರುತ್ತದೆ. ಹೊರಗೆ ಹಾಕಿಸಿದ ಆಯಿಲ್‌ನ ಬಿಲ್ಲು, ಡಬ್ಬಿಯ ಗ್ರೇಡ್ ಹುಡುಕಿ ಇಟ್ಟುಕೊಳ್ಳಿ. ಗ್ರೇಡ್ ಸರಿ ಇದ್ದರೆ ಹೊರಗೆ ಬದಲಿಸಿದ್ದಕ್ಕೂ ಕೆಟ್ಟ ಹೋಸಿಗೂ ಸಂಬಂಧ ಹಚ್ಚುವುದು ಅವರಿಗೆ ಕಷ್ಟ. ಆದರೂ ಮ್ಯಾನುವಲ್‌ನ ವಾರಂಟಿ ಷರತ್ತು ಓದಿಕೊಂಡೇ ಹೋಗಿ. "ಡಿಪಿಎಫ್ ತೆಗೆದು ಮ್ಯಾಪ್ (ಇಸಿಯುಗೆ ಬೇರೆ ಸಾಫ್ಟ್‌ವೇರ್) ಹಾಕಿಕೊಡುತ್ತೇನೆ" ಎನ್ನುವವರ ಹತ್ತಿರ ಹೋದರೆ ಮಾತ್ರ ವಾರಂಟಿ ಕೆಲಸ ಅಲ್ಲಿಗೆ ಮುಗಿಯಿತು, ಕಾನೂನಿಗೂ ವಿರುದ್ಧ.

ಅಪ್‌ಡೇಟಿಗೆ ಒಪ್ಪಿದ ದಿನ ಮೂರು ವಿಷಯ ಗಮನಿಸಿ. ಫ್ಲ್ಯಾಶ್ ಮಾಡುವಾಗ (ಇಸಿಯುಗೆ ಹೊಸ ಸಾಫ್ಟ್‌ವೇರ್ ತುಂಬುವಾಗ) ಬ್ಯಾಟರಿಗೆ ಚಾರ್ಜರ್ ಕೊಟ್ಟಿರಬೇಕು. ನಡುವೆ ವೋಲ್ಟೇಜ್ ಬಿದ್ದರೆ ಇಸಿಯು ಸಾಯಬಹುದು, ನಿಮ್ಮ ಬ್ಯಾಟರಿ ಹಳೆಯದಾದರೆ ಮೊದಲೇ ಹೇಳಿ. ಅಪ್‌ಡೇಟ್ ಆದ ಮೇಲೆ ಆಯಿಲ್ ಮತ್ತು ಫಿಲ್ಟರ್ ಬದಲಿಸಲೇಬೇಕು, ಡೀಸೆಲ್ ಸೇರಿದ ಆಯಿಲ್ ಹಾಗೆಯೇ ಬಿಟ್ಟರೆ ಮುಂದೆ ಮಟ್ಟ ಏರುತ್ತಿದೆಯೋ ಇಲ್ಲವೋ ತಿಳಿಯುವುದೇ ಇಲ್ಲ. ಬುಲೆಟಿನ್‌ನಲ್ಲಿ ಆಯಿಲ್ ಸೇರಿದ್ದರೆ ಅದಕ್ಕೂ ಹಣ ಕೊಡಬೇಕಾಗಿಲ್ಲ, ಪಿಡಿಎಫ್‌ನ ಪಾರ್ಟ್ ಪಟ್ಟಿ ನೋಡಿಕೊಳ್ಳಿ. ಹೊಸ ಹೋಸಿನ ಪಾರ್ಟ್ ನಂಬರ್ ಬಿಲ್ಲಿನಲ್ಲಿ ಬಂದಿದೆಯೇ, ಅದು ಬುಲೆಟಿನ್‌ನದ್ದೇ ಹೌದೇ ಎಂದೂ ತಾಳೆ ಹಾಕಿ. ಅದೇ ಹಳೆಯ ನಂಬರಿನ ಹೋಸ್ ಸ್ಟಾಕಿನಲ್ಲಿತ್ತೆಂದು ಹಾಕಿ ಕಳಿಸುವುದೂ ಉಂಟು.

ಟೋಲ್‌ಫ್ರೀ ದೂರು ಮುಚ್ಚಲು ನಿಮ್ಮ ಮೊಬೈಲಿಗೆ ಬಂದ ಒಟಿಪಿ ಕೇಳಿದರೆ ಗೇಟ್ ಪಾಸ್ ಹೊತ್ತಿಗೆ ಕೊಡಬೇಡಿ. 500 ಕಿ.ಮೀ. ಓಡಿಸಿ, ಪಂಪಿನ ಕಾಂಕ್ರೀಟ್ ಮೇಲೆ ಡಿಪ್‌ಸ್ಟಿಕ್ ನೋಡಿದ ಮೇಲೆ ಕೊಟ್ಟರಾಯಿತು.